ಫ್ರೀಬಿಎಸ್‌ಡಿ ಸೋರ್ಸ್ ಇಳಿಸಿಕೊಳ್ಳುವ ಕೈಪಿಡಿ (ಮನೆ ಬಳಕೆಗೆ ಮಾತ್ರ)

ಈ ಉತ್ಪನ್ನವನ್ನು ಆರಿಸಿಕೊಂಡಿದ್ದಕ್ಕೆ ಧನ್ಯವಾದಗಳು. ನೀವು ಆರಿಸಿಕೊಂಡಿದ್ದಲ್ಲ, ಯಾವುದೋ ಒಂದು ರಾತ್ರಿ ಹನ್ನೊಂದು ಗಂಟೆಗೆ ಅದಾಗಿ ತಲೆಗೆ ಹೊಕ್ಕಿದ್ದು ಎಂಬುದು ನಮಗೂ ಗೊತ್ತು. ಆದರೂ ಕೈಪಿಡಿ ಎಂದ ಮೇಲೆ ಹೀಗೇ ಶುರುವಾಗಬೇಕು.

ಒಂದು ಸೂಚನೆ. ಇಲ್ಲಿ ಕಮ್ಯಾಂಡುಗಳನ್ನೆಲ್ಲ ಕನ್ನಡ ಲಿಪಿಯಲ್ಲೇ ಕೊಟ್ಟಿದೆ. ಹಾಗೇ ಟೈಪ್ ಮಾಡಿದರೆ ಯಂತ್ರವು ‘ಕಮ್ಯಾಂಡ್ ನಾಟ್ ಫೌಂಡ್’ ಎನ್ನುತ್ತದೆ. ಇದು ದೋಷವಲ್ಲ, ಅದರ ಶಾಲೆಯಲ್ಲಿ ಕನ್ನಡ ಇರಲಿಲ್ಲ, ಅಷ್ಟೇ.

ಮೊದಲಿಗೆ: ಈ ಕೆಲಸ ನಿಮಗೆ ಬೇಕೇ?

ಅಂಗಡಿಯಲ್ಲಿ ಪ್ಯಾಕೆಟ್ ಹಿಟ್ಟು ಸಿಗುತ್ತದೆ. ಆದರೂ ಪ್ರತಿ ಬೀದಿಯಲ್ಲಿ ಒಬ್ಬರಾದರೂ ಇರುತ್ತಾರೆ: ರಾಗಿ ತಾವೇ ಕೊಂಡು, ಕಲ್ಲು ಆರಿಸಿ, ತೊಳೆದು, ತಾರಸಿಯ ಮೇಲೆ ಒಣಹಾಕಿ, ಡಬ್ಬ ಹಿಡಿದು ಗಿರಣಿಗೆ ಹೋಗಿ, ಮುಂದಿನವರ ಮೆಣಸಿನಕಾಯಿ ಘಾಟಿಗೆ ಸೀನುತ್ತ ಸರದಿಯಲ್ಲಿ ನಿಂತು, ಬಿಸಿ ಹಿಟ್ಟನ್ನು ಮನೆಗೆ ತರುವವರು. ಯಾಕೆ ಎಂದು ಕೇಳಿದರೆ ರುಚಿ ಅನ್ನುತ್ತಾರೆ, ಕಲಬೆರಕೆ ಇರಲ್ಲ ಅನ್ನುತ್ತಾರೆ. ಒಳಗೇನಿದೆ ಎಂದು ತಮಗೆ ಗೊತ್ತಿದೆ ಎಂಬ ಜಂಬವೇ ನಿಜವಾದ ಕಾರಣ. ನಾನೂ ಆ ಜಾತಿಯವನೇ, ರಾಗಿಯ ವಿಷಯದಲ್ಲಲ್ಲ.

ಫ್ರೀಬಿಎಸ್‌ಡಿ ಒಂದು ಆಪರೇಟಿಂಗ್ ಸಿಸ್ಟಮ್. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಯುನಿಕ್ಸ್ ವಂಶದ್ದು. ಈ ಹೆಸರಿನಲ್ಲಿ 1993ರಿಂದ ನಡೆದುಕೊಂಡು ಬಂದಿದೆ. ಲಿನಕ್ಸಿಗೆ ದಾಯಾದಿ ಎನ್ನಬಹುದು. ಕರ್ನೆಲ್ಲೂ ಅದರ ಸುತ್ತಲಿನ ಮೂಲ ಪ್ರೋಗ್ರಾಮುಗಳೂ ಒಂದೇ ಸೋರ್ಸ್ ಮರದಲ್ಲಿ ಇರುವುದು ಇದರ ವಿಶೇಷ. ಆ ಮರವನ್ನು ಪೂರ್ತಿ ಇಳಿಸಿಕೊಂಡು, ಮನೆಯಲ್ಲೇ ಕಂಪೈಲ್ ಮಾಡಿ, ಓಡುತ್ತಿರುವ ಯಂತ್ರದ ಮೇಲೆಯೇ ಹಾಕಿಕೊಳ್ಳಬಹುದು. ಹಾಕಿಕೊಳ್ಳಲೇಬೇಕು ಎಂದೇನಿಲ್ಲ. ‘ಫ್ರೀಬಿಎಸ್‌ಡಿ-ಅಪ್‌ಡೇಟ್’ ಎಂಬ ಕಮ್ಯಾಂಡು ಬಿಡುಗಡೆಯಾದ ಆವೃತ್ತಿಗಳಿಗೆ ಸಿದ್ಧ ಬೈನರಿಗಳನ್ನು ತಂದು ಕೂರಿಸಿ, ಒಂದು ಕಾಫಿ ಮುಗಿಯುವಷ್ಟರಲ್ಲಿ ಕೆಲಸ ಮುಗಿಸುತ್ತದೆ. ಬುದ್ಧಿವಂತರು ಇಲ್ಲಿಗೇ ಕೈಪಿಡಿ ಮುಚ್ಚಿಡಬಹುದು.

ಉಳಿದವರಿಗೆ ನಮ್ಮ ಯಂತ್ರದ ಪರಿಚಯ. ನಮ್ಮ ಮನೆಯ ಮೆಟ್ಟಿಲ ಕೆಳಗೆ, ಚಪ್ಪಲಿ ಸ್ಟ್ಯಾಂಡಿನ ಪಕ್ಕ ಒಂದು ಹಳೆಯ ಡೆಸ್ಕ್‌ಟಾಪ್ ಇದೆ. ಮಾನಿಟರ್ ಇಲ್ಲ, ಕೀಬೋರ್ಡ್ ಇಲ್ಲ. ಮನೆಯವರೆಲ್ಲರ ಫೋಟೊ, ಮಗಳ ಸ್ಕೂಲ್ ಪ್ರಾಜೆಕ್ಟು, ಸೈಟಿನ ಪತ್ರಗಳ ಸ್ಕ್ಯಾನು ಎಲ್ಲ ಅದರ ಹೊಟ್ಟೆಯಲ್ಲಿ. ಹೆಂಡತಿ ಅದನ್ನು ‘ನಿಮ್ಮ ಬೀರು’ ಎನ್ನುತ್ತಾಳೆ. ಇಂಥ ಬೀರುವಿನ ಮೇಲೆ ಸೋರ್ಸ್ ಪ್ರಯೋಗ ಮಾಡಬಾರದು ಎಂದು ಪ್ರತಿಯೊಂದು ಪುಸ್ತಕವೂ ಹೇಳುತ್ತದೆ. ಈ ಕೈಪಿಡಿಯೂ ಹೇಳುತ್ತದೆ. ಮುಂದೆ ನಡೆಯೋಣ.

ಪೆಟ್ಟಿಗೆಯೊಳಗೆ ಏನೇನಿದೆ

ಗಿಟ್ ಇಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಫ್ರೀಬಿಎಸ್‌ಡಿಯ ಸೋರ್ಸ್ ಇರುವುದು ಗಿಟ್ ಎಂಬ, ಬದಲಾವಣೆಗಳ ಲೆಕ್ಕ ಇಡುವ ವ್ಯವಸ್ಥೆಯಲ್ಲಿ; ಆದರೆ ಫ್ರೀಬಿಎಸ್‌ಡಿ ಹಾಕಿದರೆ ಗಿಟ್ ಜೊತೆಗೆ ಬರುವುದಿಲ್ಲ. ಗಿಟ್‌ನ ಲೈಸೆನ್ಸು ಜಿಪಿಎಲ್, ಇವರ ಮಡಿ ಬೇರೆ. ಪ್ಯಾಕೇಜಾಗಿ ಪ್ರತ್ಯೇಕ ಹಾಕಿಕೊಳ್ಳಬೇಕು.

ಈ ಮನೆತನಕ್ಕೆ ಇದು ಹಳೆಯ ಚಾಳಿ. ಮೊದಲು ಸೋರ್ಸ್ ಇದ್ದದ್ದು ಸಿವಿಎಸ್ ಎಂಬ ವ್ಯವಸ್ಥೆಯಲ್ಲಿ. ಅದನ್ನು ಬೇಗ ಇಳಿಸಿಕೊಳ್ಳಲು ಜಾನ್ ಪೋಲ್‌ಸ್ಟ್ರಾ ಎಂಬವರು ಸಿವಿಎಸ್‌ಅಪ್ ಎಂಬ ಅದ್ಭುತ ಉಪಕರಣ ಬರೆದುಕೊಟ್ಟರು, ಮಾಡ್ಯುಲಾ-3 ಎಂಬ ಭಾಷೆಯಲ್ಲಿ. ಅಂದರೆ ಸಿ ಭಾಷೆಯ ಆಪರೇಟಿಂಗ್ ಸಿಸ್ಟಮ್ ಒಂದನ್ನು ಮನೆಗೆ ತರಬೇಕಾದರೆ, ಊರಲ್ಲಿ ಯಾರೂ ಆಡದ ಇನ್ನೊಂದು ಭಾಷೆಯ ನೆರವು ಬೇಕಿತ್ತು. ಆಮೇಲೆ ಅದನ್ನು ಸಿ ಭಾಷೆಯಲ್ಲೇ ಮತ್ತೆ ಬರೆದರು. ಬರೆದು ಮುಗಿಸಿ ನೆಮ್ಮದಿಯಾಗುವಷ್ಟರಲ್ಲಿ 2008 ಬಂತು, ಸೋರ್ಸೇ ಸಬ್‌ವರ್ಷನ್‌ಗೆ ಹೋಯಿತು. 10.0 ಆವೃತ್ತಿಯಿಂದ ಸಬ್‌ವರ್ಷನ್‌ನ ಒಂದು ಚಿಕ್ಕ ರೂಪವನ್ನು, ಎಸ್‌ವಿಎನ್‌ಲೈಟ್ ಅಂತ, ಪೆಟ್ಟಿಗೆಯಲ್ಲೇ ಇಟ್ಟು ಕೊಡತೊಡಗಿದರು. ಸುಖದ ದಿನಗಳು. 2020ರ ಡಿಸೆಂಬರ್‌ನಲ್ಲಿ ಸೋರ್ಸ್ ಗಿಟ್‌ಗೆ ಗುಳೆ ಹೊರಟಿತು, 2023ರ 14.0ಕ್ಕೆ ಎಸ್‌ವಿಎನ್‌ಲೈಟನ್ನೂ ಪೆಟ್ಟಿಗೆಯಿಂದ ತೆಗೆದರು.

ಇದರಿಂದ ಹಳೆಯ ಯಂತ್ರದ ಒಡೆಯರಿಗೆ ಒದಗುವ ಸ್ಥಿತಿಗೆ ಕನ್ನಡದಲ್ಲಿ ಮೊದಲೇ ಗಾದೆ ಇದೆ. ಆಯಸ್ಸು ಮುಗಿದ ಆವೃತ್ತಿಗೆ ಪ್ಯಾಕೇಜು ಕಟ್ಟುವುದನ್ನು ನಿಲ್ಲಿಸುತ್ತಾರೆ. ಹಾಗಾಗಿ ಗಿಟ್ ಬೇಕಾದರೆ ಹೊಸ ಸಿಸ್ಟಮ್ ಬೇಕು, ಹೊಸ ಸಿಸ್ಟಮ್ ಬೇಕಾದರೆ ಸೋರ್ಸ್ ಬೇಕು, ಸೋರ್ಸ್ ಬೇಕಾದರೆ ಗಿಟ್ ಬೇಕು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು. ಬಿಡುಗಡೆಯ ದಾರಿ: ಪ್ರತಿ ಆವೃತ್ತಿಯ ಜೊತೆಗೆ ಅದರ ಸೋರ್ಸನ್ನು ಒಂದು ಟಾರ್ ಗಂಟಾಗಿಯೂ ಇಟ್ಟಿರುತ್ತಾರೆ. ‘ಫೆಚ್’ ಎಂಬ ಕಮ್ಯಾಂಡು ಪೆಟ್ಟಿಗೆಯಲ್ಲೇ ಇದೆ. ಗಂಟು ತಂದು ಬಿಚ್ಚಿಕೊಳ್ಳಿ. ಇದರಲ್ಲಿ ಪ್ರತಿಷ್ಠೆ ಕಡಿಮೆ, ಕೆಲಸ ಆಗುತ್ತದೆ. ತೀರ ಹಳೆಯದಾದರೆ ಒಂದೊಂದೇ ಮೆಟ್ಟಿಲು ಹತ್ತಿ, ನೆಗೆಯಲು ಹೋಗಬೇಡಿ.

ಬೋರ್ಡು ನೋಡಿ ಹತ್ತುವುದು

ಮೂರು ಥರದ ಕವಲುಗಳಿವೆ. ‘ಮೇನ್’ ಎಂದರೆ ಕೆಲಸ ನಡೆಯುತ್ತಿರುವ ಬಸ್ಸು, ಓಡುತ್ತಿರುವಾಗಲೇ ಸೀಟು ಜೋಡಿಸುತ್ತಾರೆ. ‘ರಿಲೆಂಗ್’ ಎಂದು ಶುರುವಾಗಿ ಪೂರ್ತಿ ಆವೃತ್ತಿ ಸಂಖ್ಯೆ ಇರುವುದು ಬಿಡುಗಡೆಯಾದ ಆವೃತ್ತಿ. ಅದಕ್ಕೆ ಭದ್ರತೆಯ ಮತ್ತು ಗಂಭೀರ ದೋಷಗಳ ತೇಪೆ ಬಿಟ್ಟರೆ ಬೇರೇನೂ ಸೇರುವುದಿಲ್ಲ. ನಡುವಿನದು ‘ಸ್ಟೇಬಲ್’. ಮೋಸ ಹೋಗುವುದು ಇಲ್ಲೇ. ಸ್ಟೇಬಲ್ ಎಂಬ ಹೆಸರು ಓದಿ ಇದು ಅಲ್ಲಾಡುವುದಿಲ್ಲ ಎಂದುಕೊಂಡು ಹತ್ತಿದವರು ಬಹಳ. ಅದೂ ಅಭಿವೃದ್ಧಿಯ ಕವಲೇ. ಹಳೆಯ ಪ್ರೋಗ್ರಾಮುಗಳು ಆ ಸಾಲಿನಲ್ಲಿ ಓಡುತ್ತಲೇ ಇರುತ್ತವೆ ಎಂಬಷ್ಟಕ್ಕೆ ಸ್ಟೇಬಲ್. ‘ಶಾಂತಿನಗರ’ ಎಂದು ಹೆಸರಿದ್ದ ಮಾತ್ರಕ್ಕೆ ಅಲ್ಲಿ ಹಾರ್ನ್ ಹೊಡೆಯುವುದಿಲ್ಲವೇ?

ಬೀರುವಿಗೆ ತಕ್ಕದ್ದು ರಿಲೆಂಗ್. ನಾನು ವರ್ಷಗಟ್ಟಲೆ ಓಡಿಸಿದ್ದು ಮೇನ್. ಇದನ್ನು ಮನೆಯಲ್ಲಿ ಹೇಳಿಲ್ಲ.

ದೋಷ 1: ಜಾಗ ಖಾಲಿ ಇಲ್ಲ

ಸೋರ್ಸ್ ಇರಬೇಕಾದ ಜಾಗ ಯುಎಸ್‌ಆರ್ ಒಳಗಿನ ಎಸ್‌ಆರ್‌ಸಿ ಫೋಲ್ಡರು. ಗಿಟ್ ಕ್ಲೋನ್ ಕೊಟ್ಟ ಕೂಡಲೇ ‘ಆ ಜಾಗ ಈಗಾಗಲೇ ಇದೆ, ಖಾಲಿಯೂ ಇಲ್ಲ’ ಎಂಬ ಉತ್ತರ ಬರುತ್ತದೆ. ಇನ್‌ಸ್ಟಾಲ್ ಮಾಡುವಾಗ ‘ಸೋರ್ಸ್ ಬೇಕೇ’ ಎಂದು ಕೇಳಿದ್ದಕ್ಕೆ ನೀವೇ ಹೂಂ ಅಂದಿರುತ್ತೀರಿ. ಹಿಂದಿನ ಬಾಡಿಗೆದಾರರ ಸಾಮಾನು ಹಾಗೇ ಬಿದ್ದಿರುತ್ತದೆ.

ಫೋಲ್ಡರಿನ ಹೆಸರು ಬದಲಾಯಿಸಿ ಪಕ್ಕಕ್ಕಿಡೋಣ ಎಂದರೆ ‘ಡಿವೈಸ್ ಬಿಜಿ’ ಎನ್ನಬಹುದು. ಜೆಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮಿನ ಮೇಲೆ ಮಾಮೂಲಿಯಾಗಿ ಹಾಕಿದ ಸಿಸ್ಟಮಿನಲ್ಲಿ ಎಸ್‌ಆರ್‌ಸಿ ಬರೀ ಫೋಲ್ಡರಲ್ಲ, ಪ್ರತ್ಯೇಕ ಡೇಟಾಸೆಟ್. ಗೋಡೆಗೆ ಕಟ್ಟಿದ ಬೀರು ಎಳೆದರೆ ಬರುವುದಿಲ್ಲ, ಒಳಗಿನದನ್ನು ಖಾಲಿ ಮಾಡಬೇಕು. ಸರಿ, ‘ಆರ್‌ಎಂ’ ಕೊಟ್ಟು ನಕ್ಷತ್ರ ಚಿಹ್ನೆ ಹಾಕಿ ಎಲ್ಲ ಅಳಿಸಿದಿರಿ. ನೋಡಿದರೆ ಖಾಲಿ. ಮತ್ತೆ ಕ್ಲೋನ್. ಮತ್ತೆ ‘ಖಾಲಿಯಿಲ್ಲ’!

ಇಲ್ಲಿ ನಾನು ಮುಕ್ಕಾಲು ಗಂಟೆ ಕಳೆದಿದ್ದೇನೆ, ನೀವು ಕಳೆಯಬೇಡಿ. ಚುಕ್ಕಿಯಿಂದ ಶುರುವಾಗುವ ಹೆಸರುಗಳಿಗೆ ನಕ್ಷತ್ರ ತಗಲುವುದಿಲ್ಲ. ಹಳೆಯ ಡಾಟ್-ಎಸ್‌ವಿಎನ್ ಅಥವಾ ಡಾಟ್-ಗಿಟ್ ಫೋಲ್ಡರು ಕತ್ತಲಲ್ಲಿ ಜಿರಲೆಯಂತೆ ಕೂತೇ ಇರುತ್ತದೆ. ‘ಎಲ್‌ಎಸ್’ಗೆ ಎ ಸೇರಿಸಿ ನೋಡಿದರೆ ಕಾಣುತ್ತದೆ.

ಅಪಾಯದ ಗುರುತು, ಕೆಂಪು ಶಾಯಿಯಲ್ಲಿ: ಆರ್‌ಎಂ ಕಮ್ಯಾಂಡಿನಲ್ಲಿ ಎಸ್‌ಆರ್‌ಸಿಗೂ ಅದರ ಮುಂದಿನ ಗೀಟಿಗೂ ನಡುವೆ ಬೆರಳು ಜಾರಿ ಒಂದು ಖಾಲಿ ಜಾಗ ಬಿದ್ದರೆ, ಅಳಿಯುವುದು ಆ ಫೋಲ್ಡರಷ್ಟೇ ಅಲ್ಲ, ಇಡೀ ಮನೆ. ಎಂಟರ್ ಒತ್ತುವ ಮುಂಚೆ ಕೈ ಎತ್ತಿ, ಸಾಲನ್ನು ಗಟ್ಟಿಯಾಗಿ ಓದಿ. ಮಗಳು ಪಕ್ಕದಲ್ಲಿದ್ದರೆ ಅವಳಿಂದ ಓದಿಸಿ.

ದೋಷ 2: ಕಾಲ ಕೆಟ್ಟಿದೆ

‘ಎಸ್‌ಎಸ್‌ಎಲ್ ಸರ್ಟಿಫಿಕೇಟ್ ಪ್ರಾಬ್ಲಮ್: ಸರ್ಟಿಫಿಕೇಟ್ ಈಸ್ ನಾಟ್ ಯೆಟ್ ವ್ಯಾಲಿಡ್.’ ಈ ಸಂದೇಶ ಕಂಡಾಗ ನಾನು ಮೊದಲು ಬೈದದ್ದು ಸರ್ವರ್ ನಡೆಸುವವರನ್ನು, ಆಮೇಲೆ ಇಂಟರ್‌ನೆಟ್ ಕೊಟ್ಟವರನ್ನು. ಸಂದೇಶದಲ್ಲಿದ್ದ ‘ನಾಟ್ ಯೆಟ್’ ಎಂಬ ಎರಡು ಪದಗಳನ್ನು ಓದಿರಲಿಲ್ಲ. ‘ಇನ್ನೂ ಇಲ್ಲ’ ಎನ್ನುತ್ತಿದೆ, ‘ಮುಗಿದುಹೋಗಿದೆ’ ಎನ್ನುತ್ತಿಲ್ಲ. ಸರ್ಟಿಫಿಕೇಟಿಗೆ ಶುರುವಾಗುವ ದಿನ ಒಂದು, ಮುಗಿಯುವ ದಿನ ಒಂದು ಇರುತ್ತದೆ. ಅದು ಇನ್ನೂ ಹುಟ್ಟೇ ಇಲ್ಲ ಎಂದು ಯಾರು ಹೇಳಬಲ್ಲರು? ಹಿಂದಿನ ಕಾಲದಲ್ಲಿ ಇರುವವರು. ‘ಡೇಟ್’ ಎಂದು ಟೈಪ್ ಮಾಡಿದೆ. ಬೀರುವಿನ ಪ್ರಕಾರ ಅಂದು 2010ರ ಜನವರಿ 1. ಮಗಳು ಆಗಿನ್ನೂ ಹುಟ್ಟಿರಲಿಲ್ಲ.

ಮದರ್‌ಬೋರ್ಡಿನ ಮೇಲೆ ನಾಣ್ಯದಂಥ ಒಂದು ಸೆಲ್ ಇರುತ್ತದೆ, ಸಿಆರ್2032. ಯಂತ್ರ ಆಫ್ ಆಗಿದ್ದಾಗಲೂ ಗಡಿಯಾರ ಓಡಿಸುವುದು ಅದು. ಅದು ಸತ್ತು, ಮೇಲಿಂದ ಕರೆಂಟೂ ಹೋಗಿ ಬಂದರೆ ಕಾಲ ಹಿಂದಕ್ಕೆ ಹೋಗುತ್ತದೆ. ನೆಟ್‌ವರ್ಕಿನಿಂದ ಸಮಯ ಸರಿಪಡಿಸುವ ಎನ್‌ಟಿಪಿಡಿ ಇದೆಯಲ್ಲ ಎನ್ನಬಹುದು. ಅದು ಸಂಕೋಚದ ಸ್ವಭಾವದ್ದು. ವ್ಯತ್ಯಾಸ 1000 ಸೆಕೆಂಡು ದಾಟಿದರೆ ‘ಇದು ನನ್ನ ಕೈಲಾಗದು, ನೀವೇ ಕೂತು ಸರಿಮಾಡಿ’ ಎಂದು ಎದ್ದು ಹೋಗುತ್ತದೆ. ಬೂಟ್ ಆಗುವಾಗ ಒಂದು ಸಲಕ್ಕೆ ಎಷ್ಟಾದರೂ ಸರಿಪಡಿಸು ಎಂದು ಮೊದಲೇ ಅಪ್ಪಣೆ ಕೊಟ್ಟಿರಬೇಕು. ನಾನು ಕೊಟ್ಟಿರಲಿಲ್ಲ.

ಸೆಲ್ ತರಲು ವಾಚ್ ರಿಪೇರಿ ಅಂಗಡಿಗೆ ಹೋದೆ. ಕಣ್ಣಿಗೆ ಕಪ್ಪು ಭೂತಗನ್ನಡಿ ಸಿಕ್ಕಿಸಿಕೊಂಡಿದ್ದ ಯಜಮಾನರು ತಲೆ ಎತ್ತದೆ ಕೇಳಿದರು, “ಯಾವ ವಾಚಿಗೆ ಸಾರ್?”

“ವಾಚಿಗಲ್ಲ, ಕಂಪ್ಯೂಟರಿಗೆ.”

“ಅದರೊಳಗೂ ವಾಚ್ ಇದೆಯಾ?”

“ಇದೆ. ಹದಿಮೂರು ವರ್ಷ ಹಿಂದಕ್ಕೆ ಹೋಗಿದೆ.”

ಈಗ ತಲೆ ಎತ್ತಿದರು. “ಅದಕ್ಕಿಂತ ನಿಂತ ವಾಚೇ ವಾಸಿ ಸಾರ್. ನಿಂತಿದೆ ಅಂತ ನೋಡಿದ್ ತಕ್ಷಣ ಗೊತ್ತಾಗುತ್ತೆ. ಓಡ್ತಾ ಇರೋದು ತಪ್ಪು ತೋರಿಸಿದ್ರೆ ಯಾರೂ ರಿಪೇರಿಗೆ ತರಲ್ಲ.” ಸೆಲ್ಲನ್ನು ಚಿಕ್ಕ ಪ್ಲಾಸ್ಟಿಕ್ ಕವರಿಗೆ ಹಾಕಿ, ಮೀಟರಿನಲ್ಲಿ ಒಂದು ಸಲ ಚೆಕ್ ಮಾಡಿ ಕೊಟ್ಟರು. ಐವತ್ತು ರೂಪಾಯಿಯೊಳಗೆ ಮುಗಿಯಿತು.

ಈ ದೋಷಕ್ಕೆ ಇನ್ನೊಂದು ಪರಿಹಾರವೂ ಚಾಲ್ತಿಯಲ್ಲಿದೆ: ಸರ್ಟಿಫಿಕೇಟ್ ಪರೀಕ್ಷೆಯನ್ನೇ ಆಫ್ ಮಾಡುವುದು. ಗಿಟ್‌ನಲ್ಲಿ ಒಂದೇ ಸಾಲು. ಗೇಟಿನ ಬೀಗ ತೆಗೆಯಲು ಬರುತ್ತಿಲ್ಲ ಎಂದು ಕಾಂಪೌಂಡ್ ಒಡೆಯುವ ಕ್ರಮ ಇದು. ನೀವು ತರುತ್ತಿರುವುದು ಸಿನಿಮಾ ಹಾಡಲ್ಲ. ನಾಳೆ ಬೆಳಿಗ್ಗೆ ರೂಟ್ ಅಧಿಕಾರದಲ್ಲಿ ಓಡುವ ಕೋಡು. 2012ರ ನವೆಂಬರ್‌ನಲ್ಲಿ ಫ್ರೀಬಿಎಸ್‌ಡಿಯವರೇ ಒಂದು ವಿಷಯ ಬಹಿರಂಗಪಡಿಸಿದರು: ಒಬ್ಬ ಡೆವಲಪರನ ಎಸ್‌ಎಸ್‌ಎಚ್ ಕೀ ಸೋರಿ, ಅವರ ಎರಡು ಯಂತ್ರಗಳೊಳಗೆ ಕಳ್ಳರು ನುಗ್ಗಿದ್ದರು. ಮೂಲ ಸೋರ್ಸಿಗೆ ಕೈ ತಾಗಿರಲಿಲ್ಲ. ಬಾಗಿಲು ಕಾಯುವುದನ್ನೇ ಕಸುಬು ಮಾಡಿಕೊಂಡವರ ಮನೆಯ ಗತಿ ಅದು. ನಮ್ಮ ಮೆಟ್ಟಿಲ ಕೆಳಗಿನ ಬೀರುವಿಗೆ ಬೀಗವಾದರೂ ಇರಲಿ.

ದೋಷ 3: ಖಾತೆ ಯಾರ ಹೆಸರಲ್ಲಿದೆ?

2022ರ ಏಪ್ರಿಲ್‌ನಿಂದ ಈಚೆಗೆ ಗಿಟ್ ರೆವಿನ್ಯೂ ಇಲಾಖೆಯಂತೆ ಮಾತಾಡಲು ಕಲಿತಿದೆ. ‘ಡುಬಿಯಸ್ ಓನರ್‌ಶಿಪ್’ ಎನ್ನುತ್ತದೆ. ಅನುವಾದ: ಈ ಆಸ್ತಿಯ ಮಾಲೀಕತ್ವ ಸಂಶಯಾಸ್ಪದ. ಫೋಲ್ಡರನ್ನು ನಿಮ್ಮ ಮಾಮೂಲಿ ಲಾಗಿನ್‌ನಲ್ಲಿ ಇಳಿಸಿಕೊಂಡಿರುತ್ತೀರಿ, ಇವತ್ತು ರೂಟ್ ಆಗಿ ಬಂದು ನಿಂತಿರುತ್ತೀರಿ. ನಾನೇ ಅವನು, ಅವನೇ ನಾನು ಎಂದರೆ ನಡೆಯುವುದಿಲ್ಲ. ಪಹಣಿಯಲ್ಲಿ ಅಪ್ಪನ ಹೆಸರು ಒಂದಕ್ಷರ ತಪ್ಪಿದ್ದಕ್ಕೆ ತಾಲ್ಲೂಕು ಕಚೇರಿಗೆ ಅಲೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅದರ ಅನುಮಾನಕ್ಕೆ ಕಾರಣವೂ ಇದೆ. ಬೇರೊಬ್ಬರು ಇಟ್ಟುಹೋದ ಫೋಲ್ಡರಿನೊಳಗೆ ಗಿಟ್‌ನ ಸೆಟ್ಟಿಂಗ್ ಫೈಲೊಂದನ್ನು ಅಡಗಿಸಿಟ್ಟು, ಅಲ್ಲಿ ನೀವು ಗಿಟ್ ಓಡಿಸಿದ ಕೂಡಲೇ ತಮ್ಮ ಕೆಲಸವನ್ನು ನಿಮ್ಮ ಅಧಿಕಾರದಲ್ಲಿ ಮಾಡಿಸಿಕೊಳ್ಳುವ ದಾರಿ ಇತ್ತು. ಅದನ್ನು ಮುಚ್ಚಲು ಈ ತಪಾಸಣೆ. ‘ಸೇಫ್ ಡೈರೆಕ್ಟರಿ’ ಪಟ್ಟಿಗೆ ಆ ಜಾಗ ಸೇರಿಸಿದರೆ ಬಿಡುತ್ತದೆ. ಅದಕ್ಕಿಂತ ಒಳ್ಳೆಯದು ಇಳಿಸುವವನು, ಅಪ್‌ಡೇಟ್ ಮಾಡುವವನು ಇಬ್ಬರೂ ಒಬ್ಬನೇ ಆಗಿರುವುದು. ಎಲ್ಲ ಜಾಗಕ್ಕೂ ಅನ್ವಯಿಸುವಂತೆ ನಕ್ಷತ್ರ ಹಾಕಿ ಕೈತೊಳೆದುಕೊಳ್ಳುವವರೂ ಉಂಟು. ಅವರು ದೋಷ 2ರ ಕೊನೆಯ ಪ್ಯಾರಾ ಮತ್ತೊಮ್ಮೆ ಓದಲಿ.

ದೋಷ 4: ಯಾರೋ ಫೈಲು ತಿದ್ದಿದ್ದಾರೆ

ಅದು ನೀವೇ.

‘ನಿಮ್ಮ ಬದಲಾವಣೆಗಳು ಅಳಿಸಿಹೋಗುತ್ತವೆ, ಹಾಗಾಗಿ ನಿಲ್ಲಿಸಿದ್ದೇನೆ’ ಎಂದು ಗಿಟ್ ಹೇಳುತ್ತದೆ, ಫೈಲಿನ ಹೆಸರನ್ನೂ ಕೊಡುತ್ತದೆ. ನನ್ನ ಅನುಭವದಲ್ಲಿ ಆ ಫೈಲು ಹತ್ತಕ್ಕೆ ಒಂಬತ್ತು ಸಲ ‘ಜೆನೆರಿಕ್’, ಅಂದರೆ ಕರ್ನೆಲ್‌ನ ಮೂಲ ಸಂರಚನೆ. ಎಂದೋ ಒಂದು ರಾತ್ರಿ ಬೇಡದ ಡ್ರೈವರುಗಳನ್ನು ಕಿತ್ತು ಕರ್ನೆಲ್ ಹಗುರ ಮಾಡುವ ಉತ್ಸಾಹ ಬಂದಿತ್ತು. ‘ಗಿಟ್ ಡಿಫ್’ ಕೊಟ್ಟು ನೋಡಿದರೆ ಫ್ಲಾಪಿ ಡ್ರೈವಿನ ಸಾಲಿನ ಮುಂದೆ ಒಂದು ಹ್ಯಾಷ್ ಗುರುತು, ಪಕ್ಕದಲ್ಲಿ ನನ್ನದೇ ಟಿಪ್ಪಣಿ: ‘ಆಮೇಲೆ ನೋಡೋಣ’. ಏನನ್ನು ನೋಡೋಣ, ಯಾಕೆ ನೋಡೋಣ, ಒಂದೂ ನೆನಪಿಲ್ಲ. ಆ ಸಾಲು ತೆಗೆದದ್ದರಿಂದ ಯಂತ್ರ ಎಷ್ಟು ವೇಗವಾಯಿತು ಎಂದರೆ, ಆಗಲಿಲ್ಲ.

‘ಗಿಟ್ ಸ್ಟ್ಯಾಷ್’ ಎಂಬುದು ಅಟ್ಟ. ಬಿಸಾಡಲು ಮನಸ್ಸಿಲ್ಲದ್ದನ್ನು ಅಲ್ಲಿಗೆ ಎಸೆದು, ಹೊಸದನ್ನು ಇಳಿಸಿಕೊಂಡು, ಆಮೇಲೆ ಬೇಕಾದರೆ ಇಳಿಸಿಕೊಳ್ಳಬಹುದು. ಅಟ್ಟಕ್ಕೆ ಹೋದದ್ದು ಎಷ್ಟು ಕೆಳಗೆ ಬರುತ್ತದೆ ಎಂಬುದು ಪ್ರತಿ ಮನೆಗೂ ಗೊತ್ತಿರುವ ವಿಷಯ. ನಮ್ಮ ಬೀರುವಿನ ಅಟ್ಟದಲ್ಲಿ ಒಂಬತ್ತು ಗಂಟುಗಳಿವೆ. ಸರಿಯಾದ ಕ್ರಮ ಬೇರೆಯೇ ಇದೆ: ಜೆನೆರಿಕ್ ಫೈಲನ್ನು ಮುಟ್ಟಬೇಡಿ. ನಿಮ್ಮದೇ ಹೆಸರಿನ ಇನ್ನೊಂದು ಫೈಲು ಮಾಡಿ, ಮೊದಲ ಸಾಲಿನಲ್ಲಿ ‘ಇನ್‌ಕ್ಲೂಡ್ ಜೆನೆರಿಕ್’ ಬರೆದು, ಕೆಳಗೆ ಬೇಡದ್ದನ್ನು ತೆಗೆಯಿರಿ. ಗಿಟ್ ನಿಮ್ಮ ಫೈಲಿನ ತಂಟೆಗೆ ಬರುವುದಿಲ್ಲ.

ದೋಷ 5: ಅರ್ಧಕ್ಕೆ ನಿಂತಿತು

‘ಅರ್ಲಿ ಇಒಎಫ್.’ ಇಂಟರ್‌ನೆಟ್ ಹೋಗಿದೆ. ಗಿಟ್ ಕ್ಲೋನ್ ನಿಂತಲ್ಲಿಂದ ಮುಂದುವರಿಯುವುದಿಲ್ಲ. ತೊಂಬತ್ತೊಂಬತ್ತರಲ್ಲಿ ಬಿದ್ದರೂ ಮತ್ತೆ ಒಂದರಿಂದ, ಪರಮಪದ ಸೋಪಾನಪಟದ ಹಾವಿನ ಹಾಗೆ. ಮೂರು ದಶಕದ ಇತಿಹಾಸ ಪೂರ್ತಿ ಬೇಡವಾದರೆ ‘ಡೆಪ್ತ್ 1’ ಎಂದು ಕೊಟ್ಟು ಇವತ್ತಿನ ಪ್ರತಿಯನ್ನಷ್ಟೇ ತರಿಸಿಕೊಳ್ಳಿ. ಹಾಗೆ ತಂದದ್ದರಿಂದ ಕಟ್ಟಿದ ಸಿಸ್ಟಮಿನ ಆವೃತ್ತಿ ಸಾಲಿನಲ್ಲಿ ಎನ್ ಅಕ್ಷರದ ಮುಂದೆ ಬರಬೇಕಾದ ಕ್ರಮಸಂಖ್ಯೆ ಕಾಣುವುದಿಲ್ಲ. ಎಣಿಸಲು ಹಿಂದಿನವು ಇಲ್ಲವಲ್ಲ.

ಗಿರಣಿ

ಇಳಿಸಿಕೊಂಡದ್ದಾಯಿತು. ಮುಂದಿನದು ಈ ಕೈಪಿಡಿಯ ವ್ಯಾಪ್ತಿಗೆ ಸೇರಿದ್ದಲ್ಲ, ಬೇಗ ಮುಗಿಸೋಣ. ಎಸ್‌ಆರ್‌ಸಿ ಫೋಲ್ಡರಿನಲ್ಲೇ ‘ಅಪ್‌ಡೇಟಿಂಗ್’ ಎಂಬ ಫೈಲು ಇದೆ, ದಿನಾಂಕವಾರು, ಹೊಸದು ಮೇಲೆ. ನೀವು ಹಿಂದಿನ ಸಲ ಅಪ್‌ಡೇಟ್ ಮಾಡಿದ ದಿನದವರೆಗೆ ಓದಿ. ಆಮೇಲೆ ಬಿಲ್ಡ್‌ವರ್ಲ್ಡ್, ಬಿಲ್ಡ್‌ಕರ್ನೆಲ್. ಇವು ಗಂಟೆಗಳ ಲೆಕ್ಕದ ಕೆಲಸ, ಫ್ಯಾನು ಮಿಕ್ಸಿಯ ಹಾಗೆ ಕೂಗುತ್ತದೆ. ಇಲ್ಲಿ ತಪ್ಪಾದರೆ ಕೊನೆಯ ಸಾಲಿನಲ್ಲಿ ಏನೂ ಸಿಗುವುದಿಲ್ಲ. ಮೇಲೆ ಹೋಗಿ ಮೊದಲ ತಪ್ಪನ್ನು ಹುಡುಕಬೇಕು. ಹಾಕುವಾಗ ಮೊದಲು ಕರ್ನೆಲ್, ರೀಬೂಟ್, ಆಮೇಲೆ ಉಳಿದದ್ದು. ಹೊಸ ಯಜಮಾನ ಹಳೆಯ ಆಳುಗಳ ಮಾತು ಅರ್ಥಮಾಡಿಕೊಳ್ಳುತ್ತಾನೆ. ಹಳೆಯ ಯಜಮಾನನಿಗೆ ಹೊಸ ಆಳುಗಳ ಮಾತು ತಿಳಿಯದೆ ‘ಬ್ಯಾಡ್ ಸಿಸ್ಟಮ್ ಕಾಲ್’ ಎಂದು ಗದರುತ್ತಾನೆ. ಕೊನೆಯಲ್ಲಿ ಇಟಿಸಿ ಫೋಲ್ಡರಿನ ಸೆಟ್ಟಿಂಗ್‌ಗಳನ್ನು ಬೆಸೆಯುವ ‘ಇಟಿಸಿಅಪ್‌ಡೇಟ್’. ಅದು ಕೇಳುವ ಪ್ರಶ್ನೆಗಳಿಗೆ ನಿದ್ದೆಗಣ್ಣಲ್ಲಿ ಉತ್ತರ ಕೊಟ್ಟರೆ ಬೆಳಿಗ್ಗೆ ನಿಮ್ಮ ಪಾಸ್‌ವರ್ಡ್ ನಿಮ್ಮದಾಗಿರುವುದಿಲ್ಲ.

ದೋಷ 6: ದೋಷವೇ ಇಲ್ಲ

ಇದನ್ನು ಕೊನೆಗೆ ಇಟ್ಟಿದ್ದು ಹೇಳಲು ನಾಚಿಕೆಯಾಗುವುದರಿಂದ.

2021ರ ಆರಂಭದಲ್ಲಿ ನಮ್ಮ ಬೀರು ಬಹಳ ಆರೋಗ್ಯವಾಗಿತ್ತು. ರಾತ್ರಿ ಎರಡೂವರೆಗೆ ಒಂದು ಕ್ರಾನ್ ಕೆಲಸ ಎದ್ದು, ಸಬ್‌ವರ್ಷನ್‌ನಿಂದ ‘ಹೆಡ್’ ಕವಲನ್ನು (ಮೇನ್‌ನ ಹಿಂದಿನ ಹೆಸರು ಅದು) ಅಪ್‌ಡೇಟ್ ಮಾಡಿ, ಫಲಿತಾಂಶವನ್ನು ನನಗೆ ಮೇಲ್ ಮಾಡುತ್ತಿತ್ತು. ಮೊದಲೆಲ್ಲ ಆ ಮೇಲ್ ಉದ್ದ ಇರುತ್ತಿತ್ತು: ಬದಲಾದ ಪ್ರತಿ ಫೈಲಿಗೂ ಒಂದು ಸಾಲು, ಸಾಲಿನ ಮೊದಲಿಗೆ ಯು ಅಕ್ಷರ. ಹೊಸ ವರ್ಷದಿಂದ ಎರಡೇ ಸಾಲಾಯಿತು. ‘ಅಪ್‌ಡೇಟಿಂಗ್’ ಎಂದೊಂದು, ‘ಅಟ್ ರಿವಿಷನ್’ ಎಂದು ಒಂದು ಸಂಖ್ಯೆಯ ಜೊತೆ ಇನ್ನೊಂದು. ಪ್ರಾಜೆಕ್ಟಿನವರು ಕ್ರಿಸ್‌ಮಸ್ ರಜೆಯಲ್ಲಿದ್ದಾರೆ ಅಂದುಕೊಂಡೆ. ಫೆಬ್ರವರಿ ಮುಗಿದರೂ ಅವರಿಗೆ ರಜೆ ಕೊಟ್ಟೇ ಇದ್ದದ್ದು ನನ್ನ ಔದಾರ್ಯ.

ಅನುಮಾನ ಬರದಿರಲು ಕಾರಣ ಇತ್ತು: ಆ ಸಂಖ್ಯೆ ಏರುತ್ತಿತ್ತು. ಇವತ್ತು ಇಷ್ಟು, ನಾಳೆ ಅದಕ್ಕಿಂತ ಹತ್ತೋ ಹದಿನೈದೋ ಹೆಚ್ಚು. ಸಂಖ್ಯೆ ಏರುತ್ತಿದೆ ಎಂದರೆ ಕೆಲಸ ನಡೆಯುತ್ತಿದೆ. ಹೆಂಡತಿ “ರೀ, ನಿಮ್ಮ ಬೀರು ಸರಿ ಇದೆಯಾ? ಅಮ್ಮನ ಫೋಟೊ ಎಲ್ಲ ಅದರಲ್ಲೇ ಇವೆ” ಎಂದಾಗಲೆಲ್ಲ “ಪ್ರತಿ ರಾತ್ರಿ ಅಪ್‌ಡೇಟ್ ಆಗುತ್ತೆ ಕಣೇ” ಎನ್ನುತ್ತಿದ್ದೆ.

ಏಪ್ರಿಲ್‌ನಲ್ಲಿ 13.0 ಬಿಡುಗಡೆಯಾಯಿತು. ಮೇ ತಿಂಗಳ ಒಂದು ಭಾನುವಾರ ಕೂತು, ರಾತ್ರಿಯ ಸೋರ್ಸಿನಿಂದ ಪೂರ್ತಿ ಸಿಸ್ಟಮ್ ಕಟ್ಟಿದೆ. ಬೆಳಿಗ್ಗೆ ತಿಂಡಿಗೆ ಮುಂಚೆ ಶುರುವಾದದ್ದು ಸಂಜೆ ದೀಪ ಹಚ್ಚುವ ಹೊತ್ತಿಗೆ ಮುಗಿಯಿತು. ರೀಬೂಟ್ ಮಾಡಿ ‘ಯುನೇಮ್’ ಕೊಟ್ಟರೆ ‘13.0-ಕರೆಂಟ್’ (ಮೇನ್ ಕವಲಿನ ಸಿಸ್ಟಮ್ ತನ್ನನ್ನು ಕರೆದುಕೊಳ್ಳುವುದೇ ಕರೆಂಟ್ ಎಂದು). ಬೆಳಿಗ್ಗೆಯೂ ಅದೇ ಇತ್ತು. ಹಳೆಯ ಸಹೋದ್ಯೋಗಿಯೊಬ್ಬ ಇದೇ ಚಟದವನು, ಪುತ್ತೂರಿನ ಕಡೆಯವನು, ಅವನಿಗೆ ಫೋನು ಮಾಡಿದೆ.

“ಕರೆಂಟ್ ಜನವರಿಯಲ್ಲೇ 14 ಆಯ್ತಲ್ಲ. ನೀನು ಸೋರ್ಸ್ ಎಲ್ಲಿಂದ ತರುವುದು?”

“ಎಸ್‌ವಿಎನ್.”

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಬಂದದ್ದು ನಗು. “ಆ ಬಾವಿ ಮುಚ್ಚಿ ಐದು ತಿಂಗಳಾಯ್ತು ಮಾರಾಯ. ನೀನು ದಿನಾ ಹಗ್ಗ ಬಿಡ್ತಾ ಇದ್ದೀಯಾ?”

ನಡೆದದ್ದು ಇಷ್ಟು. ಡಿಸೆಂಬರ್‌ನಲ್ಲಿ ಹೊಸ ಕೆಲಸವೆಲ್ಲ ಗಿಟ್‌ಗೆ ಹೋಯಿತು. ಊರಿಗೆಲ್ಲ ಸಾರಿದ್ದರು, ನಾನು ಓದಿರಲಿಲ್ಲ. ಆದರೆ ಹಳೆಯ 11, 12ರ ಸ್ಟೇಬಲ್ ಕವಲುಗಳನ್ನು ನಂಬಿಕೊಂಡವರಿಗೆ ತೊಂದರೆಯಾಗದಿರಲಿ ಎಂದು, ಅವುಗಳ ತಿದ್ದುಪಡಿಗಳನ್ನು ಸಬ್‌ವರ್ಷನ್‌ಗೂ ನಕಲು ಮಾಡುತ್ತ ಬಂದರು. ಸಬ್‌ವರ್ಷನ್‌ನ ರಿವಿಷನ್ ಸಂಖ್ಯೆ ಇಡೀ ಭಂಡಾರಕ್ಕೆ ಸೇರಿದ್ದು, ಒಂದು ಕವಲಿಗೆ ಸೇರಿದ್ದಲ್ಲ. ಪಕ್ಕದ ಓಣಿಯಲ್ಲಿ ಮನೆ ಕಟ್ಟಿದರೂ ನಮ್ಮ ಓಣಿಯ ಬೋರ್ಡಿನಲ್ಲಿ ಸಂಖ್ಯೆ ಏರುತ್ತದೆ. ‘ಹೆಡ್‌ನಲ್ಲಿ ಹೊಸದೇನಾದರೂ ಇದೆಯೇ?’ ಎಂದು ನಾನು ದಿನವೂ ಕೇಳಿದ್ದೆ. ಅದು ದಿನವೂ ‘ಇಲ್ಲ’ ಎಂದು ಸತ್ಯವನ್ನೇ ಹೇಳಿತ್ತು. ವಾಚ್ ಅಂಗಡಿಯ ಯಜಮಾನರು ಮುಂದೊಂದು ದಿನ ಭೂತಗನ್ನಡಿ ಸರಿಸಿ ಹೇಳಿದ್ದು ಇದನ್ನೇ. ಎರಡು ವರ್ಷ ಮೊದಲೇ ಆ ಸೆಲ್ ಸತ್ತಿದ್ದರೆ!

ಪರಿಹಾರ: ಮೇಲ್‌ನಲ್ಲಿ ಸಂಖ್ಯೆಯನ್ನು ನಂಬಬೇಡಿ, ದಿನಾಂಕ ತರಿಸಿಕೊಳ್ಳಿ. ‘ಗಿಟ್ ಲಾಗ್’ಗೆ ‘1’ ಸೇರಿಸಿ ಕೊಟ್ಟರೆ ಕೊನೆಯ ಬದಲಾವಣೆ ಎಂದಿನದು ಎಂದು ಹೇಳುತ್ತದೆ. ಮೇನ್ ಕವಲಿನಲ್ಲಿ ಅದು ವಾರಕ್ಕಿಂತ ಹಳೆಯದಾಗಿದ್ದರೆ ರಜೆಯಲ್ಲಿರುವುದು ಅವರಲ್ಲ. ‘ಗಿಟ್ ರಿಮೋಟ್’ಗೆ ವಿ ಸೇರಿಸಿದರೆ ಯಾವ ಬಾವಿಗೆ ಹಗ್ಗ ಬಿಟ್ಟಿದ್ದೀರಿ ಎಂಬುದೂ ಕಾಣುತ್ತದೆ.

ಅಂದೇ ರಾತ್ರಿ ಎಲ್ಲ ಅಳಿಸಿ, ಚುಕ್ಕಿಯ ಫೋಲ್ಡರುಗಳನ್ನೂ ಬಿಡದೆ ಅಳಿಸಿ, ಗಿಟ್‌ನಿಂದ ಹೊಸದಾಗಿ ಇಳಿಸಿಕೊಂಡೆ. ಕ್ರಾನ್ ಕೆಲಸದಲ್ಲಿ ಎಸ್‌ವಿಎನ್ ತೆಗೆದು ‘ಗಿಟ್ ಪುಲ್’ ಹಾಕಿ, ನಮ್ಮ ಬದಲಾವಣೆಗಳ ಜೊತೆ ಬೆಸೆಯಲು ಹೋಗದಂತೆ ‘ಎಫ್‌ಎಫ್-ಓನ್ಲಿ’ ಸೇರಿಸಿದೆ. ಕೆಲವು ದಿನ ಉದ್ದುದ್ದ ಮೇಲ್‌ಗಳು ಬಂದವು. ಜೂನ್ ಮೊದಲ ವಾರ ಮಳೆ ಹಿಡಿಯಿತು. ಒಂದು ರಾತ್ರಿ ಪುಲ್ ನಡೆಯುತ್ತಿರುವಾಗಲೇ ಕರೆಂಟು ಹೋಗಿರಬೇಕು, ಯುಪಿಎಸ್ ಬ್ಯಾಟರಿಯೂ ಕೈಕೊಟ್ಟಿತ್ತು. ಆ ದಿನ ಮೇಲೇ ಇಲ್ಲ. ಮಾರನೆಯ ಬೆಳಿಗ್ಗೆ ತೆರೆದರೆ ಮೊದಲ ಪದವೇ ‘ಫೇಟಲ್’. ಅದರ ಕೆಳಗೆ, ‘ಇಂಡೆಕ್ಸ್ ಡಾಟ್ ಲಾಕ್’ ಎಂಬ ಫೈಲು ಈಗಾಗಲೇ ಇದೆ, ಇನ್ನೊಂದು ಗಿಟ್ ಇಲ್ಲೇ ಕೆಲಸ ಮಾಡುತ್ತಿರುವ ಹಾಗಿದೆ, ಇಲ್ಲವೇ ಮೊದಲಿನದು ನಡುವೆಯೇ ಸತ್ತಿರಬಹುದು, ಬೇರೆ ಯಾರೂ ಇಲ್ಲವೆಂದು ಖಚಿತ ಮಾಡಿಕೊಂಡು ಆ ಫೈಲನ್ನು ಅಳಿಸಿ ಮುಂದುವರಿಯಿರಿ ಎಂದು ದೋಷ, ಕಾರಣ, ಪರಿಹಾರ ಮೂರನ್ನೂ ಬರೆದಿತ್ತು. ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಎರಡು ಸಲ ಓದಿದೆ.

ಹೆಂಡತಿ ಕಾಫಿ ಲೋಟ ಇಡುತ್ತ, “ಏನ್ರೀ, ಬೆಳ್‌ಬೆಳಿಗ್ಗೆ ಒಬ್ಬರೇ ನಗ್ತಾ ಇದ್ದೀರಾ?” ಅಂದಳು.

“ಬೀರು ಕೆಟ್ಟಿದೆ” ಅಂದೆ.